ಅಕ್ಕೋರು ತಿದ್ದಿಕೊಟ್ಟ ಸುಳ್ಳು

ಕಳೆದ ವಾರ ನಮ್ಮ ಜೊಯಿಡಾದ ಕಚೇರಿಗೆ ಹೊಸದಾಗಿ ಬಂದ ಮೇಡಂ ತಮ್ಮ ಮೇಜಿನ ಮೇಲೆ ಸ್ಯಾನಿಟೈಸರಿನ ಸಣ್ಣ ಬಾಟಲಿ ಇಟ್ಟುಕೊಂಡರು. ಅರ್ಜಿ ಹಿಡಿದು ಬಂದವರ ಕೈಯಿಂದ ಕಾಗದ ಇಸಿದುಕೊಂಡಾಗಲೆಲ್ಲ ಎರಡು ಹನಿ ಹಾಕಿ ಉಜ್ಜಿಕೊಳ್ಳುತ್ತಾರೆ. ಕಿತ್ತಳೆ ಹಣ್ಣಿನ ವಾಸನೆ. ಬೇರೆಯವರಿಗೆ ಅದು ಒಳ್ಳೆಯ ವಾಸನೆಯೇ ಇರಬೇಕು. ನಾನು ಮೂಗು ಮುಚ್ಚಿಕೊಂಡು ಹೊರಗೆ ಎದ್ದು ಹೋದೆ.

ಅದನ್ನು ಮೊದಲ ಸಲ ಮೂಸಿದ್ದು ಐದನೇ ಇಯತ್ತೆಯಲ್ಲಿ. ಕೊರೋನಾ ಎಂಬ ಹೆಸರು ಆಗ ಯಾರ ಬಾಯಲ್ಲೂ ಇರಲಿಲ್ಲ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ನಮ್ಮ ಸಣ್ಣ ಶಾಲೆಗೆ ಹೊರದೇಶದ ಹುಡುಗಿಯೊಬ್ಬಳು ಬಂದಿದ್ದಳು. ಹತ್ತೊಂಬತ್ತು ವರ್ಷದವಳು. ಅವಳ ಊರಿನ ಚರ್ಚಿನವರು ಕಳಿಸಿದ್ದರು. ಮೂರು ವಾರ ಬಡ ಮಕ್ಕಳಿಗೆ ಪಾಠ ಹೇಳಿ, ದೇವರ ಪ್ರೀತಿ ತೋರಿಸಿ ಹೋಗುವುದು ಅವಳ ಕೆಲಸವಂತೆ. ಯಾವ ದೇಶವೋ ನಮಗೆ ತಿಳಿಯಲಿಲ್ಲ. ನಮ್ಮ ಪಾಲಿಗೆ ಬಿಳಿಯರೆಲ್ಲ ಅಮೇರಿಕಾದವರು. ಮಿಸ್ ಎಂದು ಕರೆಯುತ್ತಿದ್ದೆವು. ಅವಳ ಚೀಲಕ್ಕೆ ಒಂದು ಪುಟ್ಟ ಬಾಟಲಿ ಜೋತುಬಿದ್ದಿರುತ್ತಿತ್ತು. ನಮ್ಮ ಕೈ ಹಿಡಿದು ಕುಣಿಸಿ ಹಾಡಿಸಿದ ಮೇಲೆ ಅದರಿಂದ ಎರಡು ಹನಿ ಹಾಕಿಕೊಳ್ಳುವಳು. ನಾವು ಅದನ್ನು ಅತ್ತರು ಎಂದುಕೊಂಡೆವು. ಕೈ ಚಾಚಿ ಬೇಡಿ ನಾವೂ ಹಾಕಿಸಿಕೊಂಡು, ಮನೆಗೆ ಓಡಿ ಅವ್ವನ ಮೂಗಿಗೆ ಹಿಡಿದೆವು. ನಮ್ಮ ಕೈಯ ಹೊಲಸು ತೆಗೆಯುವ ಔಷಧಿ ಅದು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ...

ಆದರೆ ನನ್ನ ಹೇಸಿಗೆ ಆ ಬಾಟಲಿಯದ್ದಲ್ಲ. ಅದು ಸಣ್ಣದು. ದೊಡ್ಡದು ಬೇರೆ ಇದೆ, ಅದರಲ್ಲಿ ನನ್ನ ಪಾಲೂ ಇದೆ.

ಆ ಶಾಲೆಯಲ್ಲಿ ನಮಗೆಲ್ಲ ಇದ್ದದ್ದು ಒಬ್ಬರೇ ಅಕ್ಕೋರು. ಒಂದರಿಂದ ಐದರವರೆಗೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುತ್ತಿದ್ದರು. ದಾಂಡೇಲಿಯಿಂದ ಬೆಳಗಿನ ಬಸ್ಸಿಗೆ ಬರುವರು. ಮನೆಮಾತು ಕೊಂಕಣಿ, ಕೊರಳಲ್ಲಿ ತೆಳುವಾದ ಸರಕ್ಕೆ ಶಿಲುಬೆ. ಪಾಠಕ್ಕೆ ಮೊದಲು ಕಣ್ಣು ಮುಚ್ಚಿ ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುವರು. ನನ್ನ ಹಣೆಯ ವಿಭೂತಿ ಅಳಿಸಿ ಹೋಗಿದ್ದರೆ, “ಬೆವರು ಒರಸೂವಾಗ ನೋಡಿ ಒರಸವಾ, ನಿಮ್ಮವ್ವ ನನ್ನ ಬೈತಾಳ” ಎನ್ನುವರು. ನಮ್ಮಪ್ಪ ಹಳಿಯಾಳ ಪೇಟೆಯಲ್ಲಿ ಗೋವಿನಜೋಳದ ಚೀಲ ಹೊರುವವನು. ಅವ್ವ ಹೆಬ್ಬೆಟ್ಟು. ಅಂಥ ಮನೆಯ ಹುಡುಗಿಗೆ ಕನ್ನಡವನ್ನೂ ಇಂಗ್ಲಿಷನ್ನೂ ಕೈ ಹಿಡಿದು ತೀಡಿಸಿದವರು ಅಕ್ಕೋರು. ಐದನೇ ಇಯತ್ತೆಗೆ ನಾನು ಇಂಗ್ಲಿಷ್ ಪುಸ್ತಕವನ್ನು ಎಲ್ಲಿ ತೆರೆದುಕೊಟ್ಟರೂ ಓದುತ್ತಿದ್ದೆ. ಅವರಿಗೆ ಶಿಕ್ಷಕರ ತರಬೇತಿ ಆಗಿರಲಿಲ್ಲ, ಪಿಯುಸಿ ಅಷ್ಟೇ. ಹಾಗಾಗಿ ಪ್ರತಿ ಜೂನ್‌ನಲ್ಲಿ ಶಾಲೆ ನಡೆಸುತ್ತಿದ್ದ ಮ್ಯಾನೇಜರ್ ಸರ್ “ಈ ವರ್ಷಾನೂ ಬರ್ರಿ” ಎಂದರೆ ಮಾತ್ರ ಅವರ ಕೆಲಸ ಉಳಿಯುತ್ತಿತ್ತು. ಇದು ಮಕ್ಕಳಾದ ನಮಗೂ ಗೊತ್ತಿತ್ತು.

ಮಿಸ್ ಬಂದ ಮೊದಲ ದಿನ ಸೇಬಿನ ಚಿತ್ರ ಎತ್ತಿ ಹಿಡಿದು, ಇದೇನು ಎಂದು ಕೇಳಿದಳು. ನನ್ನ ಗೆಳತಿ ಎದ್ದು ನಿಂತು ಇಂಗ್ಲಿಷಿನಲ್ಲಿ “ಇದು ಸೇಬು, ಇದು ಕೆಂಪಗಿದೆ, ಇದು ಕಾಶ್ಮೀರದಲ್ಲಿ ಬೆಳೆಯುತ್ತದೆ” ಎಂದು ಒಂದೇ ಉಸಿರಿಗೆ ಹೇಳಿದಳು. ಮಿಸ್ಸಿನ ಮುಖ ಸ್ವಲ್ಪ ಸಪ್ಪಗಾಯಿತು. ಆಮೇಲೆ ಎರಡನೇ ಇಯತ್ತೆಯ ಒಬ್ಬ ಪೋರಿ ತಡವರಿಸಿ ತಡವರಿಸಿ “ಆ...ಪಲ್” ಅಂದಳು. ಮಿಸ್ ಕುಣಿದಾಡಿಬಿಟ್ಟಳು. ಅಪ್ಪಿಕೊಂಡು ಕೆನ್ನೆಗೆ ಮಿನುಗುವ ನಕ್ಷತ್ರ ಅಂಟಿಸಿದಳು. ಅಷ್ಟು ಸಾಕಾಯಿತು ನಮಗೆ. ಮಾರನೆಯ ದಿನದಿಂದ ಇಡೀ ಶಾಲೆಯೇ ದಡ್ಡರ ಸಂತೆ. ಬರುವುದನ್ನೆಲ್ಲ ಬರುವುದಿಲ್ಲ ಎಂದೆವು. ಬೆಳಿಗ್ಗೆ ಎ ಅಕ್ಷರ ಗೊತ್ತಿಲ್ಲದಂತೆ ಕಣ್ಣು ಪಿಳುಕಿಸಿ, ಮಧ್ಯಾಹ್ನಕ್ಕೆ ಕಲಿತವರಂತೆ ಕೂಗಿ, ಕೆನ್ನೆ ತುಂಬ ನಕ್ಷತ್ರ ಅಂಟಿಸಿಕೊಂಡು ಮನೆಗೆ ಹೋದೆವು. ಮ್ಯಾನೇಜರ್ ಸರ್ ಕೂಡ ನಮ್ಮನ್ನು ಕರೆದು, “ಎಲ್ಲಾ ಬರತೈತಿ ಅಂತ ಭಾಳ ಶ್ಯಾಣ್ಯಾತನ ತೋರಸಬ್ಯಾಡ್ರಿ. ಪಾಪ, ಅಷ್ಟ ದೂರದಿಂದ ಕಲಸಾಕ ಬಂದಾರ” ಎಂದರು.

ಅಕ್ಕೋರು ಹಿಂದಿನ ಬೆಂಚಿನಲ್ಲಿ ಕೂತು ಇದೆಲ್ಲ ನೋಡುತ್ತಿದ್ದರು. ಮಿಸ್ ಅವರ ಕೈಗೆ ತನ್ನ ಕ್ಯಾಮೆರಾ ಕೊಟ್ಟಿರುತ್ತಿದ್ದಳು. ತನ್ನ ಫೋಟೋ ತೆಗೆಯಲು, ನೀರಿನ ಬಾಟಲಿ ಹಿಡಿಯಲು, ಗದ್ದಲವಾದರೆ ನಮ್ಮನ್ನು ಗದರಲು ಅಕ್ಕೋರು ಬೇಕಿತ್ತು. ಇವರು ಯಾರು, ಇಲ್ಲಿ ಏನು ಮಾಡುತ್ತಾರೆ ಎಂದು ಮೂರು ವಾರದಲ್ಲಿ ಒಮ್ಮೆಯೂ ಕೇಳಲಿಲ್ಲ ಆ ಹುಡುಗಿ. ಒಂದು ಸಂಜೆ ಬಸ್ಸಿಗೆ ಕಾಯುತ್ತಾ ನಿಂತಾಗ ಅಕ್ಕೋರು ನಮ್ಮನ್ನು ನೋಡಿ, “ಏನವಾ, ವಾರದಾಗ ಎಲ್ಲಾ ಮರತ್ರೇನ? ನಾ ಐದ ವರ್ಷ ನೀರಾಗ ಬರದಿದ್ನೇನ?” ಎಂದರು. ನಾವು ಕಿಸಕ್ಕನೆ ನಕ್ಕೆವು. ಅವರೂ ನಕ್ಕರು. ನಕ್ಕರು ಎಂದೇ ನೆನಪು...

ಬೀಳ್ಕೊಡುಗೆಗೆ ಎರಡು ದಿನ ಇರುವಾಗ ಮ್ಯಾನೇಜರ್ ಸರ್ ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಮಿಸ್ಸೇ ಇಂಗ್ಲಿಷಿನಲ್ಲಿ ದುಂಡಗೆ ಬರೆದಿದ್ದಳು. ಕ್ಯಾಮೆರಾದ ಮುಂದೆ ನಾನು ಅದನ್ನು ಓದಬೇಕು, ಅವಳ ದೇಶದ ಚರ್ಚಿನಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುತ್ತಾರಂತೆ. ಅದರಲ್ಲಿ ಒಂದು ಸಾಲು: ಮಿಸ್ ಬರುವ ಮೊದಲು ನಮಗೆ ಓದಲು ಯಾರೂ ಕಲಿಸಿರಲಿಲ್ಲ.

ಅವಳು ಸುಳ್ಳುಗಾತಿಯಲ್ಲ. ಹಾಗೆಂದು ಅವಳನ್ನು ನಂಬಿಸಿದವರು ನಾವೇ. ನಿಜ ಗೊತ್ತಿದ್ದೂ ಸುಮ್ಮನಿದ್ದವರು ಮ್ಯಾನೇಜರ್. ಹತ್ತು ವರ್ಷದ ಕೂಸಿಗೆ ಏನು ಗೊತ್ತಾಗುತ್ತದೆ ಎಂದು ಈಗ ಯಾರಾದರೂ ನನ್ನನ್ನು ಸಮಾಧಾನ ಮಾಡಬಹುದು. ನನಗೆ ಎಲ್ಲಾ ಗೊತ್ತಿತ್ತು. ಪರದೆಯ ಮೇಲೆ ಬರುವ ಆಸೆ ಅದಕ್ಕಿಂತ ದೊಡ್ಡದಿತ್ತು, ಅಷ್ಟೇ. ಒಂದು ಅಕ್ಷರವೂ ತಪ್ಪಬಾರದೆಂದು ನಾನು ಆ ಚೀಟಿಯನ್ನು ಎಲ್ಲಿಗೆ ಒಯ್ದೆ ಗೊತ್ತೇ? ಅಕ್ಕೋರ ಹತ್ತಿರ. ಏನೇ ಓದುವುದಿದ್ದರೂ ಮೊದಲು ಅವರಿಗೆ ಓದಿ ತೋರಿಸುವುದು ನಮ್ಮ ರೂಢಿ.

ಅವರು ಎರಡು ಸಲ ಓದಿದರು. “ಇದರ ಅರ್ಥ ಗೊತ್ತೈತೇನ?” ಎಂದರು.

“ಗೊತ್ತೈತ್ರಿ.”

“ಹೇಳು.”

ಹೇಳಿದೆ. ಅವರ ಮುಖ ನೋಡಿಯೇ ಹೇಳಿದೆ.

“ಅರ್ಥ ಬರೋಬ್ಬರಿ ಐತಿ. ಈಗ ಓದು,” ಎಂದರು. ಓದಿದೆ. ‘ನೋಬಡಿ’ ಎಂಬಲ್ಲಿ ನನ್ನ ದನಿ ಇಳಿಯಿತು. “ಯಾಕ ನುಂಗ್ತಿ? ಬಾಯಿ ಬಿಟ್ಟ ಅನ್ನು. ಹಿಂದ ಕುಂತವರಿಗೂ ಕೇಳಬೇಕು.” ಮತ್ತೆ ಓದಿಸಿದರು, ಮತ್ತೆ. ಮಧ್ಯಾಹ್ನದ ಊಟದ ಬಿಡುವು ಮುಗಿಯುವವರೆಗೆ, ನಮಗೆ ಯಾರೂ ಕಲಿಸಿರಲಿಲ್ಲ ಎಂದು ಸ್ಪಷ್ಟವಾಗಿ ಹೇಳುವುದನ್ನು ಅಕ್ಕೋರು ನನಗೆ ಕಲಿಸಿದರು.

ಬೀಳ್ಕೊಡುಗೆಯ ದಿನ ತಡವರಿಸದೆ ಓದಿದೆ. ಮಿಸ್ ಬಿಕ್ಕಿ ಬಿಕ್ಕಿ ಅತ್ತಳು, ಅಪ್ಪಿಕೊಂಡಳು, ಬಾಟಲಿ ತೆಗೆದು ಕೈ ಉಜ್ಜಿಕೊಂಡಳು, ಜೀಪು ಹತ್ತಿದಳು. ಹೋದ ಮೇಲೆ ಒಂದು ಕಾಗದವಿಲ್ಲ, ಒಂದು ಹಬ್ಬದ ಕಾರ್ಡಿಲ್ಲ.

ಜೂನ್ ಬಂತು. ಮ್ಯಾನೇಜರ್ ಸರ್ ಅಕ್ಕೋರಿಗೆ “ಈ ವರ್ಷಾನೂ ಬರ್ರಿ” ಎನ್ನಲಿಲ್ಲ. ಆ ವಿಡಿಯೋ ನೋಡಿ ಆ ಚರ್ಚಿನವರಿಗೆ ಬಹಳ ಮನಸ್ಸು ಕರಗಿತಂತೆ. ಕಲಿಸುವವರೇ ಇಲ್ಲದ ಶಾಲೆಗೆ ಇನ್ನು ಮೇಲೆ ಸರದಿಯ ಮೇಲೆ ತಮ್ಮ ಹುಡುಗ ಹುಡುಗಿಯರನ್ನು ಕಳಿಸುತ್ತಾರಂತೆ. ಹಾಗಿರುವಾಗ ಅಕ್ಕೋರು ಯಾಕೆ? ನಮ್ಮ ಊರಿನ ಒಬ್ಬರೂ ತುಟಿ ಬಿಚ್ಚಲಿಲ್ಲ. ನಮ್ಮಪ್ಪನೂ ಬಿಚ್ಚಲಿಲ್ಲ. ನಾನು ಹಳಿಯಾಳದ ದೊಡ್ಡ ಶಾಲೆಗೆ ಸೇರಿ ಹೋದೆ. ಇಂಥ ಕೆಲಸ ಮಾಡುವವರು ಏನು ಬೇಕಾದರೂ ಹೇಳಲಿ, ಒಬ್ಬರ ಅನ್ನದ ಬಟ್ಟಲು ಎತ್ತಿ ಇನ್ನೊಬ್ಬರ ಪುಣ್ಯಕ್ಕೆ ಇಡುವುದನ್ನು ನಾನು ಸೇವೆ ಎನ್ನಲಾರೆ.

ಬಿ.ಎ. ಮುಗಿಯಿತು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ಕೂಲಿ ಮಾಡಿ, ಹಳೆಯ ಪುಸ್ತಕ ಬೇಡಿ ಓದಿದ್ದೇನೆ. ಅಂಕಪಟ್ಟಿ ಹಿಡಿದು ದಾಂಡೇಲಿಗೆ ಹೋಗಿ, ಕೇಳುತ್ತಾ ಕೇಳುತ್ತಾ ಅಕ್ಕೋರ ಮನೆ ಹುಡುಕಿದೆ. ಬಾಗಿಲಿಗೆ ಬೀಗ. ಬಾಜೂ ಮನೆಯ ಮುಸ್ಲಿಂ ತಾಯಿಯೊಬ್ಬರು ಹೊರಗೆ ಬಂದರು.

“ಅವರು ಹೋಗಿ ಎರಡ ತಿಂಗಳಾತಲ್ರೀ. ಸಕ್ಕರಿ ಬ್ಯಾನಿ ಇತ್ತು. ಕಡೀತನಕಾ ರವಿಕಿ ಹೊಲಿದು ಜೀವನಾ ಮಾಡಿದ್ರು.” ಅಷ್ಟು ಹೇಳಿ ನನ್ನನ್ನೇ ದಿಟ್ಟಿಸಿದರು. “ತಡೀರಿ... ನೀವು ಆ ವಿಡಿಯೋದಾಗಿನ ಹುಡುಗಿ ಅಲ್ಲೇನ್ರಿ?”

ಹೌದೆಂದು ತಲೆಯಾಡಿಸಿದೆ.

“ಯಾರೋ ಅವರ ಫೋನಿಗೆ ಹಾಕಿದ್ರು. ಬಂದವರಿಗೆಲ್ಲಾ ತೋರಸ್ತಿದ್ರು. ನೋಡ್ರಿ ಹೆಂಗ ಓದತಾಳ, ನನ್ನ ಹುಡುಗಿ, ನಾ ಕಲಸಿದ್ದು ಅಂತ. ನಾವು ಇಂಗ್ಲಿಷ್ ಬರದವರು. ಏನಂತಾಳ್ರೀ ಅಂತ ಕೇಳಿದ್ರ ಸುಮ್ನ ನಗತಿದ್ರು. ಅದರಾಗ ನೀವು ಏನಂತೀರ್ರೀ?”

“ಅಕ್ಕೋರು ಛಲೋ ಕಲಿಸಿದ್ರು ಅಂತ ಹೇಳೇನ್ರಿ,” ಎಂದೆ.

“ನನಗೂ ಹಂಗ ಅನಿಸಿತ್ತು,” ಎಂದು ಅವರು ಒಳಗೆ ಕರೆದು ಚಹಾ ಕೊಟ್ಟರು. ಕುಡಿದೆ. ಅದೂ ಗಂಟಲಲ್ಲಿ ಇಳಿಯಿತು, ನನ್ನಂಥವಳಿಗೆ.

ಆ ವಿಡಿಯೋ ಇಂದಿಗೂ ಆ ಚರ್ಚಿನವರ ಅಂತರ್ಜಾಲದ ಪುಟದಲ್ಲಿ ಇದೆ. ತೆಗೆದುಹಾಕಿ ಎಂದು ಇಂಗ್ಲಿಷಿನಲ್ಲಿ, ಒಂದು ತಪ್ಪೂ ಇಲ್ಲದಂತೆ ಬರೆದು ಕಳಿಸಿದೆ, ಉತ್ತರವಿಲ್ಲ. ಮೊನ್ನೆ ಕಚೇರಿಯಿಂದ ಬರುವಾಗ ಬಸ್ಸಿನಲ್ಲಿ ಕೂತು ಮತ್ತೆ ನೋಡಿದೆ. ಅದರಲ್ಲಿ ಮಿಸ್ ಇದ್ದಾಳೆ, ಮ್ಯಾನೇಜರ್ ಇದ್ದಾರೆ, ಹೂವಿನ ಹಾರ ಇದೆ. ಅಕ್ಕೋರು ಎಲ್ಲೂ ಇಲ್ಲ. ಆದರೆ ಓದುವ ಹುಡುಗಿಯ ಕಣ್ಣು ಚೀಟಿಯ ಮೇಲೂ ನಿಲ್ಲುವುದಿಲ್ಲ, ಕ್ಯಾಮೆರಾದ ಮೇಲೂ ನಿಲ್ಲುವುದಿಲ್ಲ. ಪ್ರತಿ ಸಾಲಿಗೂ ಸ್ವಲ್ಪ ಎಡಕ್ಕೆ ಹೋಗಿ ಬರುತ್ತದೆ. ನೋಡಿದವರು ನಾಚಿಕೆ ಎಂದುಕೊಂಡಾರು. ಎಡಕ್ಕೆ, ಕ್ಯಾಮೆರಾಕ್ಕೆ ಕಾಣದಂತೆ, ಅಕ್ಕೋರು ನಿಂತಿದ್ದರು. ನಾನೆಲ್ಲಿ ಮರೆತುಬಿಡುತ್ತೇನೋ ಎಂದು ಆ ಸಾಲನ್ನು ನನ್ನ ಜೊತೆಗೇ, ದನಿಯಿಲ್ಲದೆ, ತುಟಿ ಅಲುಗಿಸಿ ಹೇಳಿಕೊಡುತ್ತಿದ್ದರು...