ಬಾರ್ಜಿನ ತಗಡು ಬಾಗಿಸುತ್ತಿದ್ದ ಚಾಚಾ

ಚಾಚಾ ಅವರ ಬಲಗೈಯಲ್ಲಿ ಒಂದು ಕೂದಲೂ ಇರಲಿಲ್ಲ. ಗ್ಯಾಸಿನ ಬೆಂಕಿ ಎಲ್ಲವನ್ನೂ ಸುಟ್ಟು, ಮೊಣಕೈವರೆಗೆ ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

ಬೇಲೂರು ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ನಾನು ವೆಲ್ಡರ್. ಗೋವಾದ ನದಿಗಳಲ್ಲಿ ಅದಿರು ಸಾಗಿಸುವ ಬಾರ್ಜು ಎಂಬ ಚಪ್ಪಟೆ ತಳದ ಹಡಗುಗಳ ಮೂತಿಯ ತಗಡುಗಳನ್ನು ನಾವು ಬಾಗಿಸಿ ಕಳಿಸುತ್ತೇವೆ. ನದಿ ದಂಡೆಯಲ್ಲಿ ಅವನ್ನು ಬಾರ್ಜಿನ ಪಕ್ಕೆಲುಬಿನಂಥ ಚೌಕಟ್ಟಿಗೆ ಜೋಡಿಸುತ್ತಾರೆ. ರೋಲರ್ ಯಂತ್ರ ತಗಡನ್ನು ಒಂದೇ ಕಡೆ ಬಾಗಿಸುತ್ತದೆ. ಮೂತಿಯ ತಗಡು ಬೋಗುಣಿಯಂತೆ ಎರಡೂ ಕಡೆ ಬಾಗಬೇಕು. ಅದು ಶೆಡ್ಡಿನ ಹಿರಿಯರಾದ ಚಾಚಾ ಅವರ ಕೆಲಸ. ಸೀಮೆಸುಣ್ಣದ ಗೆರೆ ಎಳೆದು, ಗೆರೆಯ ಮೇಲೆ ಕೆಂಪಾಗುವಂತೆ ಕಾಸುತ್ತ ಹೋಗುವರು. ಹಿಂದೆಯೇ ಒಬ್ಬರು ನೀರು ಬಿಡಬೇಕು. ಗೆರೆಯಲ್ಲಿ ತಗಡು ಕುಗ್ಗಿ ಅಂಚು ಮೆಲ್ಲಗೆ ಮೇಲೇಳುತ್ತಿತ್ತು.

"ಬಡೀಬ್ಯಾಡ್ರಿ. ಕಾಸಿ ಬಿಡ್ರಿ, ತಾನ ಬಾಗತೈತಿ" ಅನ್ನುವರು.

ನನ್ನ ಗಂಡ ಅಪಘಾತದಲ್ಲಿ ತೀರಿಕೊಂಡ. ಕರ್ಮಗಳು ಮುಗಿದು ಕೆಲಸಕ್ಕೆ ಬಂದಾಗ ಶೆಡ್ಡಿನಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಚಾಚಾ ಮಾತ್ರ, "ಬಂದ್ಯಾ ಬೇಟಿ? ನೀರಿನ ಪೈಪ್ ಹಿಡಿ" ಅಂದರು.

ಹಿಡಿದೆ. ಆದರೆ ಗಮನ ಎಲ್ಲೋ ಇತ್ತು. ನೀರು ತಪ್ಪು ಜಾಗಕ್ಕೆ ಬಿದ್ದು ತಗಡು ಸೊಟ್ಟಗಾಯಿತು.

"ಇರಲಿ. ಹಿಂದಿನ ಮಗ್ಗಲ ಕಾಸಿದ್ರ ಸರಿ ಹೋಗತೈತಿ" ಎಂದು ಅದನ್ನು ಕ್ರೇನಿನಿಂದ ಮಗುಚಿಸಿದರು. ಸಂಜೆವರೆಗೂ ಇಬ್ಬರೂ ತಿದ್ದಿದೆವು.

"ಚಾಚಾ, ನನಗ ಅಳೂನೂ ಬರವಲ್ದು" ಅಂದೆ.

ಅವರು ಬೆಂಕಿ ಆರಿಸಿದರು. "ನನ್ನ ಹೆಂಡ್ತಿ ಹೋದಾಗ ನನಗೂ ಬರಲಿಲ್ಲ. ಊಟ ಮಾಡೀ?"

ಮಾಡಿರಲಿಲ್ಲ. ತಮ್ಮ ಡಬ್ಬಿ ತೆರೆದಿಟ್ಟು, ನಾನು ರೊಟ್ಟಿ ತಿಂದು ಮುಗಿಸುವ ತನಕ ಎದುರಿಗೆ ಕೂತಿದ್ದರು. ಆಮೇಲೆ ಎಷ್ಟೋ ತಿಂಗಳು ನನ್ನನ್ನು ಜೊತೆಗೇ ಇಟ್ಟುಕೊಂಡು, ಗ್ಯಾಸಿನ ಬೆಂಕಿ ಹಿಡಿದು ಕಾಸುವುದನ್ನೂ ಕಲಿಸಿದರು.

ಹೋದ ಬೇಸಿಗೆಯಲ್ಲಿ ಬೆಂಗೇರಿಯ ತಮ್ಮ ಮನೆಯಲ್ಲಿ ಚಾಚಾ ಅವರ ಎದೆಬಡಿತ ನಿಂತಿತು. ಶೆಡ್ಡಿನವರೆಲ್ಲ ಹೋದೆವು. ನಾನು ಅಂಗಳದಲ್ಲಿ ಹೆಂಗಸರ ನಡುವೆ ನಿಂತಿದ್ದೆ. ಯಾರೋ ನೀರು ಕೊಟ್ಟರು, ಕುಡಿದೆ. ಆಗಲೂ ಏನೂ ಅನಿಸಲಿಲ್ಲ.

ಮರುದಿನ ಶೆಡ್ಡಿನಲ್ಲಿ ಅವರು ಅರ್ಧ ಬಾಗಿಸಿದ್ದ ತಗಡು ಹಾಗೆಯೇ ಇತ್ತು. ಮಾಲೀಕರು, "ನಾಳೆ ಲಾರಿ ಬರತೈತಿ. ಇದನ್ನ ಯಾರು ಮಾಡ್ತೀರಿ?" ಅಂದರು.

"ನಾ ಮಾಡ್ತೇನ್ರಿ."

ಚಾಚಾ ಎಳೆದಿಟ್ಟಿದ್ದ ಗೆರೆಗಳ ಮೇಲೆ ಕಾಸುತ್ತ ಬಂದೆ, ಹಿಂದೆ ಒಬ್ಬ ಹುಡುಗ ನೀರು ಬಿಡುತ್ತ ಬಂದ. ಮೂಲೆಯ ಕಡೆ ಗೆರೆ ಇರಲಿಲ್ಲ, ನಾನೇ ಎಳೆದುಕೊಂಡೆ. ಬಾಗು ಸರಿಯಿದೆಯೇ ಎಂದು ಕಟ್ಟಿಗೆಯ ಅಚ್ಚು ಇಟ್ಟು ನೋಡಿದರೆ ಸರಿಯಾಗಿ ಕೂತಿತು, ಸಂದಿನಲ್ಲಿ ಎಲ್ಲೂ ಬೆಳಕು ಕಾಣಲಿಲ್ಲ. ಅವರ ಗೆರೆ ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಗಿತ್ತೆಂದು ಹುಡುಕಿದೆ. ಬೆಂಕಿಗೂ ನೀರಿಗೂ ಎಲ್ಲ ಅಳಿಸಿಹೋಗಿತ್ತು.