ಕೆಳಗಿನಿಂದ ಬಂದ ಎರಡು ಕೂಗು

ಇದು ಹೋದ ವರ್ಷ ಜನವರಿಯಲ್ಲಿ ನಡೆದದ್ದು. ಆದರೆ ಎಲ್ಲವೂ ನಾನು ಬರೆಯುವ ಹಾಗೇ ನಡೆಯಿತು ಎಂದು ಆಣೆ ಇಡಲಾರೆ. ಅವತ್ತು ನನ್ನ ಪಕ್ಕದಲ್ಲೇ ನಿಂತಿದ್ದ ಇಬ್ಬರು, "ಅಂಥದ್ದೇನೂ ಕೇಳಿಸಲೇ ಇಲ್ಲ" ಎನ್ನುತ್ತಾರೆ. ನಾನು ಮನಃಶಾಸ್ತ್ರ ಓದಿದವನು. ಹೆದರಿದ ಮನಸ್ಸು ತನಗೆ ಬೇಕಾದ ಸಮಾಧಾನವನ್ನು ತಾನೇ ಹೆಣೆದುಕೊಂಡು, ಆಮೇಲೆ ಅದನ್ನೇ ನೆನಪು ಎನ್ನುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಹಾಗಾಗಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ನಮ್ಮದು ಉದ್ದನಪಲ್ಲಿ. ನಾನು, ನನ್ನ ತಂಗಿ ನಂದಿನಿ, ಅವಳ ಜೊತೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಸೆಲ್ವಂ, ನನ್ನ ಶಾಲೆಯ ಗೆಳೆಯ ಮಹೇಶ, ಹೀಗೆ ನಾಲ್ವರು ಕನ್ಯಾಕುಮಾರಿಯಿಂದ ಸೈಕಲ್ಲಿನಲ್ಲಿ ಊರಿಗೆ ಮರಳುತ್ತಿದ್ದೆವು. ದಾರಿಯುದ್ದಕ್ಕೂ ಹೆದ್ದಾರಿ, ಬಿಸಿಲು, ಲಾರಿಗಳ ಹೊಗೆ. ಇನ್ನೇನು ಕೃಷ್ಣಗಿರಿ ಮೇಲೆ ಹೋದರೆ ಮನೆ ಬಂತು ಎನ್ನುವಾಗ ನಂದಿನಿ ತಕರಾರು ತೆಗೆದಳು.

"ಇಷ್ಟು ದೂರ ಬಂದು ಕೊನೇಗೂ ಲಾರಿ ಹಿಂದೇನೇ ಮನೆ ಸೇರಾದಾ ಅಣ್ಣ? ಹೊಗೇನಕಲ್ ಮೇಲೆ ಕಾಡಿನ ದಾರೀಲಿ ಹೋಗಾಣ. ಒಂದಿನನಾದ್ರೂ ಕಣ್ ತುಂಬ ನೋಡ್ಕಂಡು ತುಳಿಯಾಣ."

ಎಲ್ಲರೂ ಒಪ್ಪಿದೆವು. ಬೆಳಿಗ್ಗೆ ಹೊಗೇನಕಲ್ ಬಿಟ್ಟು ಏರು ಹತ್ತಿದಾಗ ಅವಳ ಮಾತು ಸರಿ ಅನ್ನಿಸಿತು. ಕೆಳಗೆ ಕಣಿವೆಯಲ್ಲಿ ಮಂಜು ಹಾಲಿನ ಹಾಗೆ ನಿಂತಿತ್ತು. ಬಂಡೆಗಳ ನಡುವೆ ಹುಣಸೆ ಮರಗಳು, ಅಲ್ಲಲ್ಲಿ ಅವರೆ ಹೊಲ, ಹೂವಿನ ವಾಸನೆ. ಇಷ್ಟು ದಿನದಲ್ಲಿ ಮೊದಲ ಸಲ ಯಾರೂ ಇನ್ನೆಷ್ಟು ದೂರ ಎಂದು ಕೇಳಲಿಲ್ಲ.

ನಾಟ್ರಾಂಪಾಳ್ಯದಲ್ಲಿ ಟೀ ಕುಡಿದೆವು. ಅಂಗಡಿಯವರು, "ಆನೆ ಓಡಾಡ್ತವೆ, ನೋಡ್ಕಂಡ್ ಹೋಗಿ" ಎಂದರು. ಮಹೇಶ ನಕ್ಕುಬಿಟ್ಟ. "ನಮ್ ಬನೀನ್ ವಾಸ್ನೆಗೆ ಆನೇನೇ ದಾರಿ ಬಿಡ್ತದೆ, ಬಿಡಿ."

ಅಲ್ಲಿಂದ ಮುಂದೆ ಅಂಚೆಟ್ಟಿ ಕಡೆಗೆ ಇಳಿಜಾರು. ನಂದಿನಿ ಎಲ್ಲರಿಗಿಂತ ಮುಂದೆ. ಒಂದು ಕಡೆ ರಸ್ತೆಯ ಮಧ್ಯೆ ಆಗತಾನೇ ಮುರಿದ ಸೊಪ್ಪಿನ ಕೊಂಬೆ ಇತ್ತು. ಅದು ಹಾರದ ಹಾಗೆ ಮೇಲೊಂದು ಕಲ್ಲು. ಹೆದ್ದಾರಿಯಲ್ಲಿ ಓಡಾಡಿದವರಿಗೆಲ್ಲ ಇದು ಗೊತ್ತು: ಮುಂದೆ ಯಾವುದೋ ಲಾರಿ ಕೆಟ್ಟು ನಿಂತಿದೆ, ಪಕ್ಕಕ್ಕೆ ಸರಿದು ಹೋಗಿ ಎಂದು ಅರ್ಥ. ದಾರಿಯಲ್ಲಿ ಇಂಥ ಎಷ್ಟೋ ಕೊಂಬೆಗಳನ್ನು ದಾಟಿ ಬಂದಿದ್ದೆವು. ನಂದಿನಿ ತಿರುಗದೆಯೇ, "ಗಾಡಿ ಕೆಟ್ಟದೆ, ಎಡಕ್ಕೆ ಬನ್ನಿ!" ಎಂದು ಕೂಗಿ, ಕೊಂಬೆಯನ್ನು ಬಳಸಿಕೊಂಡು ತಿರುವಿನಲ್ಲಿ ಮರೆಯಾದಳು.

ನಾವೂ ಬಳಸಿಕೊಂಡು ಹೋಗುವವರೇ. ಅಷ್ಟರಲ್ಲಿ ಮೇಕೆ ಕಾಯುತ್ತಿದ್ದ ಹೆಂಗಸೊಬ್ಬರು ಕೋಲು ಹಿಡಿದು ರಸ್ತೆಗೆ ಅಡ್ಡ ಓಡಿ ಬಂದರು.

"ನಿಂತ್ಕಳ್ರಪ್ಪೋ! ಕೊಂಬೆ ಮಡಗಿರಾದು ಕಣ್ಗೆ ಕಾಣಾಕಿಲ್ವಾ?"

"ಲಾರಿ ಕೆಟ್ಟದೆ ಅಂದ್ಕಂಡ್ವಿ ಅಮ್ಮ."

"ಈ ದಾರೀಲಿ ಯಾವ್ ಲಾರಿ ಸಾಮಿ? ಆನೆ ಅವೆ, ಕೆಳ್ಗೆ ತಿರುವ್ನಾಗೆ. ಅದ್ಕೇ ನಾನೇ ಮುರ್ದು ಮಡಗಿವ್ನಿ."

"ನನ್ ತಂಗಿ ಮುಂದಕ್ ಹೋಗ್ಬುಟ್ಳು" ಎಂದೆ. ಆ ಹೆಂಗಸಿನ ಕೋಲು ಕೆಳಗಿಳಿಯಿತು.

ಆಗಲೇ ಕೆಳಗಿನಿಂದ ಆನೆ ಘೀಳಿಟ್ಟಿತು. ಅದು ಮಾತ್ರ ನಾಲ್ವರಿಗೂ ನೆನಪಿದೆ, ಅದರಲ್ಲಿ ಅನುಮಾನವಿಲ್ಲ. ಹಿಂದೆಯೇ ಯಾರೋ ತಗಡು ಬಡಿಯುವ ಸದ್ದು. ನಾನು ಸೈಕಲ್ ಬಿಸಾಡಿ ಓಡತೊಡಗಿದೆ. ಮಹೇಶ ಅಂಗಿ ಹಿಡಿದು ಜಗ್ಗಿದ. "ನಿಂತ್ಕಳ್ಲಾ! ನೀನೂ ಹೋದ್ರೆ ಇಬ್ರುನ್ನ ಹುಡುಕ್ಬೇಕಾಯ್ತದೆ." ಸೆಲ್ವಂ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಅತ್ತಿತ್ತ ನಡೆಯುತ್ತಿದ್ದ. "ಟವರ್ ಇಲ್ಲೆ ಅಣ್ಣಾ, ಒಂದು ಕಡ್ಡೀನೂ ಇಲ್ಲೆ."

ಆ ಹೆಂಗಸಿನ ಹೆಸರು ಮಾದೇವಮ್ಮ. ಅವರ ಗಂಡ ತಿರುವಿನ ಆಚೆ ಅವರೆ ಹೊಲದ ಕಾವಲಿನಲ್ಲಿದ್ದರು, ತಗಡು ಬಡಿಯುತ್ತಿದ್ದವರು ಅವರೇ. ಮಾದೇವಮ್ಮ ಬಂಡೆ ಹತ್ತಿ, ಬಾಯಿಗೆ ಎರಡೂ ಕೈ ಹಿಡಿದು, "ಊ..." ಎಂದು ಉದ್ದಕ್ಕೆ ಕೂಗಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆಳಗಿನಿಂದ, ಗಾಳಿಯಲ್ಲಿ ತೇಲಿದ ಹಾಗೆ, ಎರಡು ಗಿಡ್ಡ ಕೂಗು ಬಂದವು. ನನ್ನ ನೆನಪಿನಲ್ಲಿ ಬಂದವು.

"ಎಲ್ಡು ಕೂಗು" ಎಂದರು ಮಾದೇವಮ್ಮ. "ಒಂದಾದ್ರೆ ಆನೆ ಇನ್ನೂ ಅವೆ, ಬರ್ಬ್ಯಾಡಿ ಅಂತ. ಎಲ್ಡಾದ್ರೆ ಆಳು ನಮ್ ತಾವ ಸೇರದೆ ಅಂತ. ನಿನ್ ತಂಗಿ ನಮ್ಮೋರ್ ತಾವ ಅವ್ಳೆ, ಕುಂತ್ಕ."

"ಬರೀ ಕೂಗ್ನಾಗೆ ಅಷ್ಟೆಲ್ಲ ಹೆಂಗ್ ಗೊತ್ತಾಯ್ತದೆ?"

"ನಿಮ್ಮನೇಲಿ ಕುಕ್ಕರ್ ಕೂಗಿದ್ರೆ ಗೊತ್ತಾಗಾಕಿಲ್ವಾ?"

ನಾನು ನಂಬಲಿಲ್ಲ. ಸುಮ್ಮನೆ ಸಮಾಧಾನ ಹೇಳುತ್ತಿದ್ದಾರೆ ಅಂದುಕೊಂಡೆ. ಅವರು ಎಲೆ ಅಡಿಕೆ ಹಾಕಿಕೊಂಡು, ಒಂದು ಮೇಕೆಯನ್ನು ಬೈದು, ನನಗೆ ಮದುವೆ ಆಗಿದೆಯೇ ಎಂದು ವಿಚಾರಿಸಿದರು. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಆನೆಗಳು ಈಗ ಹೋಗುತ್ತವೆ ಎಂದರು, ಹೋಗಲಿಲ್ಲ. ತಗಡಿನ ಸದ್ದು ನಿಲ್ಲುವುದು, ಮತ್ತೆ ಶುರುವಾಗುವುದು. ಒಂದೊಂದು ಸಲ ನಿಂತಾಗಲೂ ನನಗೆ ಅಮ್ಮನ ಮುಖ ಕಾಣುತ್ತಿತ್ತು.

ಕೊನೆಗೆ ತಗಡು ಪೂರ್ತಿ ನಿಂತು, ಕಾಡಿನೊಳಗೆ ಕೊಂಬೆ ಮುರಿಯುವ ಸದ್ದು ದೂರವಾದ ಮೇಲೆ ಮಾದೇವಮ್ಮ ಎದ್ದರು. ಸೈಕಲ್ ತಳ್ಳಿಕೊಂಡು ಅವರ ಹಿಂದೆ ಇಳಿದೆವು. ತಿರುವಿನಲ್ಲಿ ಹಬೆಯಾಡುವ ಲದ್ದಿ. ಅದರ ಪಕ್ಕದಲ್ಲಿ ನಂದಿನಿಯ ನೀಲಿ ನೀರಿನ ಬಾಟಲಿ, ರೊಟ್ಟಿಯ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಸೆಲ್ವಂ ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಹಾಗೆಯೇ ಕುಕ್ಕರಿಸಿಬಿಟ್ಟ.

"ಅಣ್ಣಾ, ಇಲ್ಲಿ! ಮೇಲೆ ನೋಡು!"

ಹೊಲದ ಮೂಲೆಯ ಮರದ ಮೇಲೆ ಕಾವಲಿನ ಅಟ್ಟಣೆ. ಅದರ ಮೇಲೆ ನಂದಿನಿ ಕಾಲು ಇಳಿಬಿಟ್ಟು ಕೂತಿದ್ದಳು. ತುಟಿಯೆಲ್ಲ ಮಸಿ. ಕೈಯಲ್ಲಿ ಸುಟ್ಟ ಅವರೆಕಾಯಿ.

"ನಾವ್ ಅಲ್ಲಿ ಸಾಯ್ತಿದ್ದೀವಿ, ನೀನು ಅವರೆಕಾಯಿ ತಿಂತಾ ಕುಂತಿದ್ದೀಯಾ?" ಎಂದು ಕಿರುಚಿದೆ. ಹಾಗೆ ಕಿರುಚಿದ ಮೇಲೆ ಅತ್ತೆ.

"ಬ್ಯಾಡ ಅಂದ್ರೂ ಈ ಕಾವಲಿನ ಅಜ್ಜ ಬಿಡ್ಲಿಲ್ಲ ಕಣಣ್ಣ" ಎಂದಳು.

ಆದದ್ದು ಇಷ್ಟು. ಅವಳು ತಿರುವು ದಾಟುವಾಗ ಆನೆಗಳು ಬಿದಿರು ಮೆಳೆಯೊಳಗಿದ್ದವು, ಅವಳಿಗೆ ಕಾಣಲೇ ಇಲ್ಲ. ಅಲ್ಲಿನ ಗುಂಡಿಯಲ್ಲಿ ಸೈಕಲ್ ಎಗರಿ ಬಾಟಲಿ ಬಿದ್ದಿತ್ತು. ಅದನ್ನು ತರಲು ಸೈಕಲ್ ತಿರುಗಿಸುತ್ತಿದ್ದಾಗ ಮಾದೇವಮ್ಮನ ಗಂಡ ಓಡಿ ಬಂದು ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಅಟ್ಟಣೆ ಹತ್ತಿಸಿದರು. ತಿರುಗಿ ನೋಡಿದರೆ ಎರಡು ದೊಡ್ಡ ಆನೆ, ಒಂದು ಮರಿ, ಬಾಟಲಿ ಬಿದ್ದ ಜಾಗದಲ್ಲೇ ನಿಂತಿದ್ದವು.

ಅವತ್ತು ರಾತ್ರಿ ಡೆಂಕಣಿಕೋಟೆಯಲ್ಲಿ ಉಳಿದು ಮಾರನೆಯ ದಿನ ಮನೆ ಸೇರಿದೆವು. ಮನೆಯಲ್ಲಿ ಅವರೆಕಾಳಿನ ಸಾರು ಬಡಿಸಿದಾಗ ಮಹೇಶ ನಂದಿನಿಯ ಮುಖ ನೋಡಿ ನಕ್ಕದ್ದು, ಅಮ್ಮ ಯಾಕೆ ಎಂದು ಕೇಳಿದ್ದು, ಯಾರೂ ಬಾಯಿ ಬಿಡದಿದ್ದದ್ದು ಚೆನ್ನಾಗಿ ನೆನಪಿದೆ.

ಜಗಳ ಶುರುವಾದದ್ದು ಆಮೇಲೆ. ಎರಡು ಕೂಗಿನ ಮಾತು ಎತ್ತಿದರೆ ಮಹೇಶ ಒಪ್ಪಲಿಲ್ಲ. "ಆಯಮ್ಮ ಒಬ್ರೇ ಕೂಗಿದ್ದು ಕಣ್ಲಾ. ಕೆಳಗಿಂದ ಏನೂ ಬರ್ಲಿಲ್ಲ. ನಿನ್ ಮುಖ ನೋಡಿ ಪಾಪ ಅಂತ ಹೇಳಿರ್ಬೇಕು." ಸೆಲ್ವಂ ಕೂಡ ಅದನ್ನೇ ಹೇಳಿದ. ನಂದಿನಿಯನ್ನು ಕೇಳಿದರೆ, "ಅಜ್ಜ ಆನೆ ಓಡ್ಸಾಕೆ ಎಷ್ಟೋ ಸಲ ಕೂಗಿದ್ರು. ಯಾವ್ದು ಯಾರಿಗೆ ಅಂತ ಯಾರಿಗ್ ಗೊತ್ತು?" ಎಂದಳು. ನನಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಆ ಬಂಡೆಯ ಪಕ್ಕ ನಿಂತಾಗ ನನಗೆ ಕೇಳಿಸಿದ್ದು ನಿಜವಾದ ಉತ್ತರವೋ, ನಾನೇ ಆಮೇಲೆ ಕಟ್ಟಿಕೊಂಡದ್ದೋ?

ಯುಗಾದಿ ಕಳೆದ ಮೇಲೆ ನಂದಿನಿ, ಮಹೇಶ, ನಾನು ಮತ್ತೆ ಅಲ್ಲಿಗೆ ಹೋದೆವು. ಮಾದೇವಮ್ಮ ನೋಡಿದ ತಕ್ಷಣ, "ಬನ್ನಿ, ಲಾರಿ ಸಾಮಿಗಳು!" ಎಂದರು. ಕೂಗಿನ ವಿಷಯ ಕೇಳಿದೆ.

"ಅವತ್ತಿಂದಾ? ನೆಪ್ಪಿಲ್ಲಪ್ಪ. ನಮ್ಗೆ ಆನೆ ದಿನಾ ಇದ್ದದ್ದೇ. ನೀವಾದ್ರೆ ಒಂದ್ ಸಲ ನೋಡಿ ವರ್ಸೆಲ್ಲ ನೆನೀತೀರಿ."

ಉಳಿದದ್ದು ಒಂದೇ ದಾರಿ. ನಂದಿನಿಯನ್ನು ಕೆಳಗೆ ಹೊಲಕ್ಕೆ ಕಳಿಸಿದೆ. "ಅಜ್ಜನಿಗೆ ಎಷ್ಟು ಸಲ ಅಂತ ಹೇಳ್ಬ್ಯಾಡ. ಹುಡ್ಗಿ ನಮ್ ತಾವ ಅವ್ಳೆ ಅಂತ ಮೇಲಕ್ಕೆ ತಿಳಿಸಿ ಅನ್ನು, ಅಷ್ಟೇ." ಆನೆ ಇಲ್ಲದೆ ಯಾರಾದರೂ ಕೂಗುತ್ತಾರೆಯೇ ಎಂದು ಮಾದೇವಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು, ಮಹೇಶ ಅವತ್ತು ಕೊಂಬೆ ಬಿದ್ದಿದ್ದ ಜಾಗದಲ್ಲಿ ನಿಂತೆವು. ಮಾದೇವಮ್ಮ ಬಂಡೆ ಹತ್ತಿ ಕೂಗಿದರು.

ಅವತ್ತು ನನಗೆ ಕೇಳಿಸಿತ್ತೋ ಇಲ್ಲವೋ, ಅದು ಈಗಲೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆದರೆ ಆ ಹೊಲದ ಕೂಗು ಆ ತಿರುವು ದಾಟಿ ರಸ್ತೆಯವರೆಗೆ ಬರುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಮಹೇಶ ನನ್ನ ಕಡೆ ತಿರುಗಿ ಎರಡು ಬೆರಳು ಎತ್ತಿ ತೋರಿಸಿದ.