ಕೈಗೆ ಸುತ್ತಿದ ದಾರ

ಬನಶಂಕರಿ ಬಸ್ ನಿಲ್ದಾಣದಲ್ಲಿ ಜೀವಮಾನವೆಲ್ಲ ಸೀಟಿ ಊದಿ ಬಸ್ಸು ಹೊರಡಿಸಿದ ಕಂಟ್ರೋಲರ್ ದಾಸಪ್ಪನಿಗೆ ಭಯ ಅನ್ನುವುದೇ ಗೊತ್ತಿಲ್ಲ ಎಂದು ಸುದ್ದಗುಂಟೆಪಾಳ್ಯದಲ್ಲಿ ಒಂದು ಮಾತಿತ್ತು. ಆ ಮಾತು ಹಬ್ಬಿಸಿದವನು ಬೇರೆ ಯಾರೂ ಅಲ್ಲ, ದಾಸಪ್ಪನೇ. ತಡವಾಗಿ ಬಂದ ಡ್ರೈವರುಗಳ ಜನ್ಮ ಜಾಲಾಡುತ್ತಿದ್ದ, ಕುಡಿದು ಬಂದವರ ಕೊರಳಪಟ್ಟಿ ಹಿಡಿದು ಬಸ್ಸಿನಿಂದ ಇಳಿಸುತ್ತಿದ್ದ, ಅದೆಲ್ಲ ನಿಜ. ಆದರೆ ನೀರು ಕಂಡರೆ ಅವನ ಜೀವ ಬಾಯಿಗೆ ಬರುತ್ತಿತ್ತು. ವಾರಕ್ಕೊಂದು ರಜೆ ಸಿಕ್ಕರೆ ಸಾಕು, ಕನಕಪುರ ರಸ್ತೆಯ ಯಾವುದಾದರೂ ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂರುವ ಮನುಷ್ಯ, ಮೊಣಕಾಲಿನ ಮೇಲಕ್ಕೆ ಒಂದು ದಿನ ನೀರು ಮುಟ್ಟಿಸಿಕೊಂಡವನಲ್ಲ. ಈಜು ಬರುತ್ತಿರಲಿಲ್ಲ. ಯಾರಾದರೂ ಕೇಳಿದರೆ, ನೀರಲ್ಲಿ ಇರಬೇಕಾದ್ದು ಮೀನು, ನಾನ್ಯಾಕೆ, ಎಂದು ಗದರಿಬಿಡುತ್ತಿದ್ದ.

ಅಂಥವನು ಜನವರಿಯ ಒಂದು ಬೆಳಿಗ್ಗೆ ಮಲ್ಪೆಯಲ್ಲಿ ದೋಣಿಗಳು ನಿಲ್ಲುವ ದಕ್ಕೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಒಂದು ಕಾಲನ್ನು ದೋಣಿಯೊಳಗೆ ಇಟ್ಟು ನಿಂತಿದ್ದ. ಇನ್ನೊಂದು ಕಾಲು ನೆಲ ಬಿಡಲು ಸುತರಾಂ ಒಪ್ಪುತ್ತಿರಲಿಲ್ಲ.

ಕಾರಣ ಮೊಮ್ಮಗಳು ಮೇಘಶ್ರೀ. ಜಯನಗರದ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಆರು ವರ್ಷದ ಮಗುವಾಗಿದ್ದಾಗ ಅವಳನ್ನು ಕೆರೆಗೆ ಕರೆದುಕೊಂಡು ಹೋಗಿ, ಎರೆಹುಳ ಚುಚ್ಚುವುದನ್ನು ಕಲಿಸಿದವನು ದಾಸಪ್ಪ. ಈಗ ಅವಳು ತಾತನನ್ನೇ ಮೀರಿಸಿದ್ದಳು. ಸ್ಪರ್ಧೆಗಳಲ್ಲಿ ಕಪ್ ಗೆದ್ದಿದ್ದಳು, ಗೆಳೆಯರ ನಡುವೆ ಹೆಸರು ಮಾಡಿದ್ದಳು. ಅಷ್ಟಕ್ಕೇ ಸುಮ್ಮನಿರಬಾರದೇ? ಸಮುದ್ರಕ್ಕೆ ಹೋಗಬೇಕು, ಶಾರ್ಕ್ ಹಿಡಿಯಬೇಕು, ದೋಣಿ ಪಕ್ಕಕ್ಕೆ ತಂದು ಒಂದು ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡಬೇಕು. ವರ್ಷದಿಂದ ಇದೇ ಜಪ.

ಅವಳ ಅಮ್ಮ ರೇಖಾ ಖಡಾಖಂಡಿತವಾಗಿ ಹೇಳಿದ್ದಳು. "ಅಪ್ಪ, ನೀನ್ ಜೊತೇಲಿ ಹೋಗಂಗಿದ್ರೆ ಕಳಿಸ್ತೀನಿ, ಇಲ್ಲಾಂದ್ರೆ ಇಲ್ಲ. ಈ ಹುಚ್ಚು ಹಿಡಿಸ್ದೋನು ನೀನು. ಹೋದಂಗೇ ವಾಪಸ್ ಕರ್ಕೊಂಡ್ ಬರೋ ಜವಾಬ್ದಾರಿನೂ ನಿಂದೇ."

ಮಂಡಿನೋವು ಅಂತ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಟೀ ಅಂಗಡಿಯಲ್ಲಿ ಗೆಳೆಯ ಬೋರಯ್ಯನ ಮುಂದೆ, "ಶಾರ್ಕ್ ಅಂದ್ರೆ ಇನ್ನೇನ್ ಗುರು, ಸ್ವಲ್ಪ ದೊಡ್ಡ ಕಾಟ್ಲಾ ಮೀನು, ಅಷ್ಟೇ" ಎಂದು ಕೊಚ್ಚಿಕೊಂಡಾಗಿತ್ತು. ಹೇಗೋ ಆ ಇನ್ನೊಂದು ಕಾಲನ್ನೂ ದೋಣಿಯೊಳಗೆ ಎತ್ತಿಟ್ಟ.

ದೋಣಿಯ ಯಜಮಾನ ಪದ್ಮನಾಭ ಕುಂದರ್, ಐವತ್ತರ ಆಸುಪಾಸಿನ ಗಟ್ಟಿ ಆಳು. ಅವನ ಜೊತೆ ಕೆಲಸಕ್ಕೆ ಬರಬೇಕಾದವನಿಗೆ ಅವತ್ತು ಜ್ವರ. ಇಂಜಿನ್ ಹಚ್ಚುವ ಮೊದಲು ಕುಂದರ್ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡ.

"ಒಂದು ಮಾತು ಹೇಳ್ತೇನೆ, ಸರಿಯಾಗಿ ಕೇಳಿ. ಶಾರ್ಕಿಗೆ ನಾವು ತಾಟೆ ಅಂತೇವೆ. ತಾಟೆ ದೋಣಿ ಹತ್ರ ಬಂದ ಮೇಲೆ ದಾರವನ್ನು ಕೈಯಲ್ಲಿ ಹಿಡಿಯುವುದುಂಟು. ಹಿಡೀರಿ, ತೊಂದರೆ ಇಲ್ಲ. ಆದ್ರೆ ಕೈಗೆ ಸುತ್ತಬಾರದು. ಸುತ್ತಿದ್ರೆ ಬಿಡ್ಲಿಕ್ಕೆ ಆಗುದಿಲ್ಲ. ಬೆರಳು ಹೋಗ್ತದೆ, ಇಲ್ಲ ಆಳೇ ನೀರಿಗೆ ಹೋಗ್ತಾನೆ. ನನ್ನ ಭಾವನಿಗೆ ಎರಡು ಬೆರಳಿಲ್ಲ, ಅಲ್ಲಿ ಬಲೆ ಹೊಲೀತಾ ಕೂತಿದ್ದಾನೆ ನೋಡಿ."

ದಾಸಪ್ಪ ಆ ಕಡೆ ನೋಡಲಿಲ್ಲ. ಮೊಮ್ಮಗಳ ಕೈ ನೋಡಿದ. ಯಾಕೆಂದರೆ ಕೆರೆಯ ಗಾಳಕ್ಕೆ ಕೋಲೂ ಇಲ್ಲ, ರೀಲೂ ಇಲ್ಲ, ಬರೀ ದಾರ. ಮೀನು ಕಚ್ಚಿತು ಅನ್ನುವುದು ಗೊತ್ತಾದ ತಕ್ಷಣ ಆ ದಾರವನ್ನು ಅಂಗೈಗೆ ಎರಡು ಸುತ್ತು ಹಾಕಿ ಮುಷ್ಟಿ ಕಟ್ಟಬೇಕು, ಆಗಲೇ ಜಾರುವುದಿಲ್ಲ. ಮೇಘಶ್ರೀಗೆ ಅವನು ಕಲಿಸಿದ ಮೊದಲ ಪಾಠವೇ ಅದು. ಪುಟ್ಟ ಕೈ ಹಿಡಿದು, ಒಂದು ಸುತ್ತು, ಎರಡು ಸುತ್ತು, ಎಂದು ಹಾಡಿಸಿ ಕಲಿಸಿದ್ದ. ಅವಳ ಕೈಗೆ ಅದು ಉಸಿರಾಡಿದಷ್ಟೇ ಸಲೀಸಾಗಿತ್ತು.

"ಮೇಘಾ, ಅವ್ರ್ ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು ತಾತ."

"ತಲೆಗೆ ಕೇಳಿಸ್ದ್ರೆ ಸಾಲ್ದು ಕಣಮ್ಮ. ಕೈ ಮರ್ತ್ಬಿಡುತ್ತೆ."

"ನನ್ ಕೈ ಏನೂ ಮರೆಯಲ್ಲ. ನೀನ್ ಮೊದ್ಲು ಆ ಕಂಬಿ ಬಿಡು, ಬೆರಳೆಲ್ಲಾ ಬೆಳ್ಳಗಾಗಿದೆ."

ದಡ ಸಣ್ಣದಾಯಿತು, ತೆಂಗಿನ ಸಾಲು ಒಂದು ಗೆರೆಯಾಯಿತು, ಆಮೇಲೆ ಆ ಗೆರೆಯೂ ಹೋಯಿತು. ದಾಸಪ್ಪ ಬದುಕಿನಲ್ಲಿ ಮೊದಲ ಬಾರಿಗೆ ಏರಿ ಇಲ್ಲದ ನೀರನ್ನು ನೋಡಿದ. ಯಾವ ಕಡೆ ತಿರುಗಿದರೂ ಅದೇ. ಅಲೆ ದೋಣಿಯನ್ನು ಎತ್ತುವುದು, ಒಂದು ಗಳಿಗೆ ಹಿಡಿದುಕೊಳ್ಳುವುದು, ಕೈಬಿಡುವುದು. ಬೆಳಿಗ್ಗೆ ತಿಂದ ಇಡ್ಲಿಯನ್ನು ಎರಡು ಕಂತಿನಲ್ಲಿ ಅರಬ್ಬೀ ಸಮುದ್ರಕ್ಕೆ ಅರ್ಪಿಸಿದ. ಮನೆದೇವರು ಮುನೇಶ್ವರನನ್ನು ನೆನೆದ. ಮುನೇಶ್ವರನಿಗೆ ಇಷ್ಟು ದೂರ ನಡೆಯುತ್ತದೋ ಇಲ್ಲವೋ ಎಂಬ ಅನುಮಾನ ಬಂದು, ದಾರಿಯಲ್ಲಿ ಕಂಡಿದ್ದ ಉಡುಪಿ ಕೃಷ್ಣನಿಗೂ ಒಂದು ಮಾತು ಹಾಕಿಟ್ಟ.

ಕುಂದರ್ ಇಂಜಿನ್ ನಿಲ್ಲಿಸಿ, ಕೊಚ್ಚಿದ ಬೂತಾಯಿ ಮೀನನ್ನು ಬಲೆಚೀಲಕ್ಕೆ ತುಂಬಿ ನೀರಿಗೆ ಇಳಿಬಿಟ್ಟ. ಎಣ್ಣೆ ನೀರಿನ ಮೇಲೆ ಹೊಳೆಯುತ್ತ ಹರಡಿತು. ಆ ವಾಸನೆ ಹಿಡಿದೇ ತಾಟೆ ಬರುತ್ತದಂತೆ. ಅಂದರೆ ಈ ಮಹಾರಾಯ ಅದನ್ನು ಕೈಯಾರೆ ಕರೆಯುತ್ತಿದ್ದಾನೆ. ದಾಸಪ್ಪನಿಗೆ ದೋಣಿಯ ಅಡಿಯ ಹಲಗೆ ಎಷ್ಟು ದಪ್ಪ ಇರಬಹುದು ಎಂಬ ಯೋಚನೆ ಹತ್ತಿತು. ಕೇಳಲು ಮಾನ ಅಡ್ಡ ಬಂತು.

ಮೇಘಶ್ರೀ ಸೊಂಟಕ್ಕೆ ಅಗಲದ ಬೆಲ್ಟು ಕಟ್ಟಿ, ಗಾಳದ ಕೋಲನ್ನು ಕೈಗೆತ್ತಿಕೊಂಡಳು. ದಾಸಪ್ಪ ಸಮುದ್ರ ನೋಡುವುದನ್ನು ಬಿಟ್ಟು ಅವಳ ಎಡಗೈ ನೋಡತೊಡಗಿದ. ದಾರದ ಹತ್ತಿರ ಆ ಕೈ ಹೋದಾಗಲೆಲ್ಲ "ಮೇಘಾ, ಕೈ" ಎನ್ನುವನು. "ಗೊತ್ತು ತಾತ" ಎನ್ನುವಳು. ಬಿಸಿಲೇರುವ ಹೊತ್ತಿಗೆ ಇದು ಎಷ್ಟು ಸಲ ಆಯಿತೆಂದರೆ ಅವಳು ಉತ್ತರ ಕೊಡುವುದನ್ನೇ ನಿಲ್ಲಿಸಿದಳು.

ಮಧ್ಯಾಹ್ನ ದಾಟಿದ ಮೇಲೆ ರೀಲು ಕಿರುಚಿತು.

ಕೋಲು ಬಿಲ್ಲಾಗಿ ಬಾಗಿತು. ಮೇಘಶ್ರೀ ಎರಡು ಹೆಜ್ಜೆ ಮುಂದಕ್ಕೆ ಎಳೆಯಲ್ಪಟ್ಟು, ದೋಣಿಯ ಅಂಚಿಗೆ ಮೊಣಕಾಲು ಕೊಟ್ಟು ನಿಂತಳು. ದಾಸಪ್ಪ ಹಿಂದಿನಿಂದ ಹೋಗಿ ಅವಳ ಜಾಕೆಟ್ಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮೊಮ್ಮಗಳನ್ನು ತಾನು ಹಿಡಿದಿದ್ದೇನೋ, ಮೊಮ್ಮಗಳೇ ತನ್ನನ್ನು ಹಿಡಿದಿದ್ದಾಳೋ ಅವನಿಗೇ ತಿಳಿಯಲಿಲ್ಲ. ದಾರ ಹೋಗುತ್ತಲೇ ಇತ್ತು. ಅವಳು ರೀಲು ಸುತ್ತುವಳು, ಅದು ಎಳೆಯುವುದು, ಮತ್ತೆ ಸುತ್ತುವಳು. ಅವಳ ಕುತ್ತಿಗೆಯ ನರ ಉಬ್ಬಿ ಬೆವರು ಹರಿಯುತ್ತಿತ್ತು. ಬಿಟ್ಟುಬಿಡು ಕಣಮ್ಮ, ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಹೊರಗೆ ಬರಲಿಲ್ಲ.

ಕೊನೆಗೆ ಅದು ಮೇಲೆ ಬಂತು. ಮೊದಲು ನೀರಿನೊಳಗೆ ಒಂದು ಕಂದು ನೆರಳು. ಆಮೇಲೆ ರೆಕ್ಕೆ, ಬೆನ್ನು, ರೆಪ್ಪೆ ಬಡಿಯದ ಒಂದು ಕಣ್ಣು. ಮೇಘಶ್ರೀಯಷ್ಟೇ ಉದ್ದವಿತ್ತು. ಬೋರಯ್ಯನ ಮುಂದೆ ಹೇಳಿದ ಕಾಟ್ಲಾ ಮೀನಿನ ಮಾತು ನೆನಪಾಗಿ ದಾಸಪ್ಪನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಗಾಳಿ ಎದ್ದು ದೋಣಿ ಅಲೆಗೆ ಅಡ್ಡ ತಿರುಗಿತು. ಕುಂದರ್ ಚುಕ್ಕಾಣಿ ಬಿಡುವಂತಿರಲಿಲ್ಲ. ಒಂದು ಜೊತೆ ಗ್ಲೌಸ್ ಎಸೆದು, "ಅಜ್ಜ, ನೀವು ದಾರ ಹಿಡೀರಿ. ಬರೀ ಮುಷ್ಟಿಯಲ್ಲಿ. ಎಳೆದ್ರೆ ಬಿಟ್ಟುಬಿಡಿ" ಎಂದು ಕೂಗಿದ.

ಮೇಘಶ್ರೀ ಹಿಡಿಯುವುದಕ್ಕಿಂತ ತಾನು ಹಿಡಿಯುವುದೇ ವಾಸಿ ಎಂದುಕೊಂಡ ದಾಸಪ್ಪ. ಗ್ಲೌಸ್ ಏರಿಸಿ, ಅಂಚಿಗೆ ಬಗ್ಗಿ, ದಪ್ಪ ನೈಲಾನ್ ದಾರವನ್ನು ಬಲಗೈಯಲ್ಲಿ ಹಿಡಿದ. ಬಿಗಿಯಾಗಿ, ಜೀವಂತವಾಗಿ ಮಿಡಿಯುತ್ತಿತ್ತು. ಮೀನು ತಣ್ಣಗೆ ಪಕ್ಕಕ್ಕೆ ಬಂತು. ಇನ್ನೊಂದು ಮೊಳ ಬಂದರೆ ಫೋಟೋ. ದಾರ ಒಂದು ಚೂರು ಜಾರಿತು.

ಅವನ ಕೈ ತಿರುಗಿತು. ಒಂದು ಸುತ್ತು. ಎರಡು ಸುತ್ತು.

ಅವನು ಹಾಗೆ ಮಾಡಬೇಕೆಂದುಕೊಂಡಿರಲಿಲ್ಲ. ಬೆಳಿಗ್ಗೆಯಿಂದ ಮೊಮ್ಮಗಳ ಕೈ ಕಾದವನು ತನ್ನ ಕೈ ಕಾಯುವುದನ್ನು ಮರೆತಿದ್ದ. ತಾಟೆ ಒಮ್ಮೆ ತಲೆ ಕೊಡವಿತು, ದಾರ ಒಂದು ಗಳಿಗೆ ಸಡಿಲವಾಯಿತು, ಮತ್ತೆ ಕೊಡವಿ ಕೆಳಕ್ಕೆ ಹೊರಟಿತು.

ಭುಜ ಕಳಚಿ ಹೋದಂತಾಯಿತು. ಪಕ್ಕೆ ಅಂಚಿಗೆ ಬಡಿಯಿತು, ಕಾಲು ನೆಲ ಬಿಟ್ಟವು, ಮುಖದವರೆಗೆ ಉಪ್ಪುನೀರು ಬಂತು. ದಾರ ಗ್ಲೌಸಿನೊಳಕ್ಕೆ ಇಳಿದು ಮೂಳೆ ಹುಡುಕುತ್ತಿತ್ತು. "ಮೇಘಾ" ಎಂದು ಕೂಗಿದ. ಕುತ್ತಿಗೆ ತಿರುಗಿಸಿ ನೋಡಿದ.

ಅವಳು ಅವನನ್ನು ನೋಡುತ್ತಿರಲಿಲ್ಲ. ಮೀನನ್ನು ನೋಡುತ್ತಿದ್ದಳು. ಕೈಗಳು ಇನ್ನೂ ಕೋಲಿನ ಮೇಲೇ ಇದ್ದವು.

ಎಷ್ಟು ಹೊತ್ತು? ಕಣ್ಣು ಮಿಟುಕಿಸುವಷ್ಟು. ಆದರೆ ಆ ಹೊತ್ತಿನಲ್ಲಿ ದಾಸಪ್ಪ ಹೆದರಿದಷ್ಟು ಇಡೀ ಜನ್ಮದಲ್ಲಿ ಹೆದರಿರಲಿಲ್ಲ. ಮರುಗಳಿಗೆ ಅವಳು ಕೋಲನ್ನು ಹಲಗೆಯ ಮೇಲೆ ಬಿಸಾಡಿ, ಕಂಬಿಗೆ ಸಿಕ್ಕಿಸಿದ್ದ ಚೂರಿ ಕಿತ್ತುಕೊಂಡು, ಅವನ ಮೇಲೇ ಬಿದ್ದು ದಾರ ಕತ್ತರಿಸಿದಳು. ಇಬ್ಬರೂ ದೋಣಿಯೊಳಕ್ಕೆ ಉರುಳಿದರು. ಮೀನು ಹೋಯಿತು.

ಕುಂದರ್ ತುಳುವಿನಲ್ಲಿ ಒಂದಿಷ್ಟು ಬೈದ, ಸಾಲದ್ದಕ್ಕೆ ಕನ್ನಡದಲ್ಲೂ ಬೈದ. ಗ್ಲೌಸ್ ಕತ್ತರಿಸಿ ತೆಗೆದ. ಅಂಗೈಯ ಸುತ್ತ ಚರ್ಮ ಸುಲಿದು ಎರಡು ಕೆಂಪು ಗೆರೆ ಎದ್ದಿದ್ದವು, ರಕ್ತ ಜಿನುಗುತ್ತಿತ್ತು. "ಬೆರಳು ಆಡಿಸಿ ನೋಡುವ" ಎಂದ. ಐದೂ ಆಡಿದವು. ಔಷಧಿ ಹಚ್ಚಿ ಬಟ್ಟೆ ಕಟ್ಟಿ, ಇವತ್ತು ಇವರ ದೇವರು ದೊಡ್ಡವನು ಎಂದು ಗೊಣಗುತ್ತ ಚುಕ್ಕಾಣಿಗೆ ಹೋದ.

ಮೇಘಶ್ರೀ ಮೂಲೆಯಲ್ಲಿ ಮೊಣಕಾಲು ಮಡಿಸಿ ಕೂತಿದ್ದಳು. "ತಾತ, ನೀನ್ ಕೂಗ್ದಾಗ ನಾನು ಮೀನ್ ನೋಡ್ತಿದ್ದೆ" ಎಂದಳು.

ದಾಸಪ್ಪ ಬಟ್ಟೆ ಕಟ್ಟಿದ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

"ಕೇಳಿಸ್ತು ನಂಗೆ. ಆದ್ರೂ ಫೋಟೋ ಹೋಗುತ್ತಲ್ಲಾ ಅನ್ಸ್ತು. ನೀನ್ ನೀರಿಗ್ ಹೋಗ್ತಿದೀಯ, ನಂಗೆ ಹಂಗನ್ಸ್ತು. ನನ್ ಕಂಡ್ರೆ ನಂಗೇ ಭಯ ಆಗ್ತಿದೆ. ಇನ್ಮೇಲೆ ಗಾಳ ಮುಟ್ಟಲ್ಲ." ಅಷ್ಟು ಹೇಳಿ ಮುಖ ಮುಚ್ಚಿಕೊಂಡು ಅತ್ತಳು.

ಈಗ ನೀವೇ ಹೇಳಿ, ದಾಸಪ್ಪನಿಗೆ ಇದಕ್ಕಿಂತ ಬೇಕಾದ್ದು ಏನಿತ್ತು? ಮೊಮ್ಮಗಳು ಸಮುದ್ರದ ತಂಟೆಗೆ ಬರುವುದಿಲ್ಲ. ರೇಖಾ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಅವನೂ ಇನ್ನು ಸಾಯುವವರೆಗೆ ಕೆರೆ ದಂಡೆಯಲ್ಲಿ ಕೂತಿರಬಹುದು. ಅವನು ಮಾಡಬೇಕಾದ್ದು ಒಂದೇ, ಬಾಯಿ ಮುಚ್ಚಿಕೊಂಡಿರುವುದು. ಬಾಯಿ ಮುಚ್ಚಿಕೊಂಡು ನೋಡಿದ. ಅವಳ ಬೆನ್ನು ಬಿಕ್ಕುತ್ತಿತ್ತು. ಈ ಭಯವನ್ನು ಹೊತ್ತುಕೊಂಡು ಇವಳು ಮನೆಗೆ ಬಂದರೆ, ಇನ್ನು ತನ್ನನ್ನು ನೋಡಿದಾಗಲೆಲ್ಲ ಇವಳಿಗೆ ಆ ಗಳಿಗೆಯೇ ಕಾಣುತ್ತದೆ ಅನ್ನಿಸಿತು.

"ಮೇಘಾ, ಇಲ್ ಕೇಳು" ಎಂದ. "ಅದು ಮೊದಲ್ನೇ ಸಲ ತಲೆ ಕೊಡವ್ದಾಗ ದಾರ ಇನ್ನೂ ಸಡಿಲ ಇತ್ತು. ಕೈ ಬಿಡಿಸ್ಕೋಬೋದಾಗಿತ್ತು. ಬಿಡಿಸ್ಕೊಳ್ಳಿಲ್ಲ. ಯಾಕ್ ಗೊತ್ತಾ? ನಾನೂ ಮೀನೇ ನೋಡ್ತಿದ್ದೆ."

ಅವಳು ತಲೆ ಎತ್ತಿದಳು. "ಸುಮ್ನೆ ಹೇಳ್ತಿದೀಯ."

"ನಿಮ್ಮಜ್ಜಿ ಆಣೆ. ಸುಮ್ನೆ ಹೇಳಕ್ಕೆ ನಂಗೇನ್ ಬೇರೆ ಕೆಲಸ ಇಲ್ವಾ."

ನಿಜವೇ ಹೇಳಿದ್ದ. ಭಯದಲ್ಲಿ ಸಾಯುತ್ತಿದ್ದವನಿಗೂ ಆ ಕಂದು ಬೆನ್ನು ಕಂಡಾಗ ಕೈ ಬಿಡಲು ಮನಸ್ಸು ಬಂದಿರಲಿಲ್ಲ.

ಕುಂದರ್ ಹಿಂದಿನಿಂದ ಕೇಳಿದ. "ಗಾಳಿ ಇಳೀತು. ಬೆಳಕು ಇನ್ನೂ ಉಂಟು. ದಡಕ್ಕೆ ತಿರುಗಿಸುವುದಾ, ಇಲ್ಲ ಇನ್ನೊಂದು ಗಾಳ ಹಾಕ್ತೀರಾ?"

ಬಿದ್ದಿದ್ದ ಕೋಲಿನ ಕಡೆ ಮೇಘಶ್ರೀಯ ಕಣ್ಣು ಹೋಯಿತು, ತಕ್ಷಣ ಹಿಂದಕ್ಕೆಳೆದುಕೊಂಡಳು. ದಾಸಪ್ಪ ಅದನ್ನು ನೋಡಿದ. ದೋಣಿಯ ಕೆಳಗೆ ಅಲೆ ಎದ್ದಿತು. ಸುತ್ತ ಎಲ್ಲೂ ದಡವಿರಲಿಲ್ಲ, ಮತ್ತು ಆ ಮೀನು ಕೆಳಗೆ ಎಲ್ಲೋ ಇನ್ನೂ ಓಡಾಡುತ್ತಿತ್ತು.

"ಹಾಕ್ತಾಳೆ" ಎಂದ.

"ತಾತ, ಬೇಡ."

"ಏಯ್, ಎದ್ದೇಳು. ಈ ಸಲ ದಾರ ಹಿಡಿಯೋಳೂ ನೀನೇ."

ಅವಳು ಕಣ್ಣೊರೆಸಿಕೊಂಡು ಎದ್ದಳು. ಹೊಸ ಗಾಳ ಕಟ್ಟಿದಳು. ದಾಸಪ್ಪ ದೋಣಿಯ ನಡುವಿನ ಹಲಗೆಯ ಮೇಲೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡು, ಗಟ್ಟಿಯಾಗಿ ಅವುಗಳ ಮೇಲೆ ಕೂತ. ಗಾಯದ ಕೈ ಉರಿಯುತ್ತಿತ್ತು. ಮೇಘಶ್ರೀ ಗಾಳ ಬೀಸಿ ಎಸೆದಳು.